ಹಿತ್ತಲಲ್ಲಿ ಮಲಗಿದ ಕೂಸು

ಅಡುಗೆಮನೆಯಿಂದ ಏಲಕ್ಕಿ ವಾಸನೆ ಬರುತ್ತಿದೆ. ಪಾಯಸ ಅಂದುಕೊಂಡಿರಾ? ಅಲ್ಲ. ನನ್ನ ಮೊಮ್ಮಗಳು ಐನೊ 'ಪುಲ್ಲ' ಮಾಡುತ್ತಿದ್ದಾಳೆ. ಅಂದರೆ ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು, ಅವಳ ತಾಯಿಯ ದೇಶ ಫಿನ್‌ಲೆಂಡಿನದು. ಮೂರನೇ ಇಯತ್ತೆಗೆ ಸಾಲೆ ಬಿಟ್ಟ ನನಗೆ ಆ ದೇಶ ನಕಾಶೆಯಲ್ಲಿ ಎಲ್ಲಿದೆಯೋ ಈಗಲೂ ಗೊತ್ತಿಲ್ಲ. ಅಷ್ಟು ದೂರದವರೂ ಏಲಕ್ಕಿ ಕುಟ್ಟುತ್ತಾರಲ್ಲ, ಅದೊಂದೇ ನನಗೆ ಹಿಗ್ಗು.

ತೊಂಬತ್ತರ ದಶಕದಲ್ಲಿ ಈ ಐನೊ ಹುಟ್ಟಿದಾಗ ಬಾಣಂತನಕ್ಕೆಂದು ಧಾರವಾಡದಿಂದ ಲಂಡನ್ನಿನ ಸ್ಟ್ಯಾನ್ಮೋರಿಗೆ, ಮಗನ ಮನೆಗೆ ಬಂದೆ. ಟ್ರಂಕಿನ ತುಂಬ ಬಾಣಂತಿಗೆ ಅಂಟಿನುಂಡಿ, ಕೂಸಿಗೆ ಕುಲಾವಿ. ಮರುದಿನ ನೋಡುತ್ತೇನೆ, ತೊಟ್ಟಿಲು ಬರಿದು. ಕೂಸು ಹಿತ್ತಲಲ್ಲಿ, ತಳ್ಳುಗಾಡಿಯಲ್ಲಿ, ಜನವರಿಯ ಥಂಡಿಯಲ್ಲಿ ಮಲಗಿದೆ.

"ಕೂಸಿನ್ನ ಹೊರಗ ಇಟ್ಟಾಳಲ್ಲೋ ನಿನ್ನ ಹೆಂಡ್ತಿ" ಎಂದು ಮಗನ ಮೇಲೆ ಹರಿಹಾಯ್ದೆ.

ಡಾಕ್ಟರ ಮಗ ನಕ್ಕ. "ಯವ್ವಾ, ಅವರ ಕಡೆ ಕೂಸುಗೋಳು ಹಂಗ ಮಲಗ್ತಾವ. ಕೈಸಾನೂ ಬರ್ಫದಾಗ ಮಲಗೇ ಬೆಳದಾಳ."

"ಅದಕ್ಕ ಆಕೀ ಮಾತು ಹೆಪ್ಪುಗಟ್ಯಾವ" ಎಂದೆ.

ಸೊಸೆ ಕೈಸಾ ಮಾತೇ ಆಡುತ್ತಿರಲಿಲ್ಲ. ನಾನು ವಟಗುಟ್ಟುತ್ತಿದ್ದೆ, ಅವಳು ಕಾಫಿ ಕುಡಿಯುತ್ತಿದ್ದಳು. ನಾನು ಬಂದದ್ದು ಇವಳಿಗೆ ಬೇಡವಾಗಿದೆ, ಬೇಗ ಕಳಿಸಿಬಿಡುತ್ತಾಳೆ, ಕೂಸಿಗೆ ನನ್ನ ಗುರುತೇ ಉಳಿಯದು ಎಂದು ಜೀವ ಹಾರುತ್ತಿತ್ತು. ಕೂಸನ್ನು ನಾನು ಒಳಗೆ ತರುವುದು, ಅದು ಚೀರುವುದು, ಅವಳು ಹೊರಗೆ ಒಯ್ಯುವುದು. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೈಯಲೂ ಇಲ್ಲ.

ಒಂದು ಬೆಳಗ್ಗೆ ಬಾಣಂತಿಗೆ ನೀರು ಹಾಕಲೆಂದು ಬಚ್ಚಲಲ್ಲಿ ಆವಿ ತುಂಬಿಸಿ, ಕೈಸಾಗೆ "ಬಾರವಾ" ಎಂದು ಕೈಮಾಡಿದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದಳು. ಎಣ್ಣೆ ತಿಕ್ಕಿ ಬೆನ್ನಿಗೆ ಬಿಸಿನೀರು ಹೊಯ್ಯುತ್ತ ಹೋದ ಹಾಗೆ, ಬಿಗಿದಿದ್ದ ಅವಳ ಹೆಗಲು ಮೆಲ್ಲಗೆ ಇಳಿಯಿತು. ಸಂಜೆ ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಮಗ ನನಗೆ ತಿಳಿಸಿದ: "ಅವರಜ್ಜಿ ಹುಟ್ಟಿದ್ದ ಸೌನಾದಾಗಂತ, ಅಂದ್ರ ಬಿಸಿ ಆವಿ ಮನಿ. ಹಿಂದಕ ಬಾಣಂತ್ಯಾರನ್ನ ಅಲ್ಲೇ ಇಡತಿದ್ರಂತ. ನಿನ್ನ ಕೈಯಾಗ ನೀರು ಹಾಕಿಸಿಕೊಂಡಾಗ ಆಕೀಗೆ ಮನಿ ನೆನಪಾತಂತ."

"ಮತ್ತ ನನ್ನ ಕೂಡ ಮಾತ್ಯಾಕ ಆಡೂದಿಲ್ಲ?"

"ಸುಮ್ನ ಕೂಡೂದು ಅಂದ್ರ ಅವರಲ್ಲೆ ಸಿಟ್ಟಲ್ಲವ್ವಾ. ತಮ್ಮವರ ಮುಂದ ಹಂಗ ಕೂಡತಾರ."

ಮರುದಿನ ಕೂಸಿಗೆ ಕುಲಾವಿ ಕಟ್ಟಿ ನಾನೇ ಹಿತ್ತಲಲ್ಲಿ ಮಲಗಿಸಿದೆ. ಶಾಲು ಹೊದ್ದು ಕೈಸಾಳ ಪಕ್ಕ ಬಾಯಿ ಮುಚ್ಚಿ ಕೂತೆ. ಮಗನಿಗೆ ನನಗೇನೋ ಜ್ವರ ಬಂದಿದೆ ಅನ್ನಿಸಿತಂತೆ.

"ಅಜ್ಜಿ, ಕಮ್ ಔಟ್‌ಸೈಡ್" ಎಂದು ಐನೊ ಈಗ ಪುಲ್ಲದ ತಟ್ಟೆ ಹಿಡಿದು ಕರೆಯುತ್ತಿದ್ದಾಳೆ. ಹಿತ್ತಲಲ್ಲಿ ಕೈಸಾ ನನ್ನ ಕುರ್ಚಿಗೆ ಕಂಬಳಿ ಹಾಸಿಟ್ಟಿದ್ದಾಳೆ. ನಿಮಗೆ ಹೇಳುವುದು ಇನ್ನೂ ಬೇಕಾದಷ್ಟಿತ್ತು. ಇರಲಿ, ಹೋಗಿ ಅವರ ಜೊತೆ ಸುಮ್ಮನೆ ಕೂಡುತ್ತೇನೆ.