ಬುಧವಾರದ ಪಾಟ್ ರೋಸ್ಟ್

ತಟ್ಟೆಗೆ ಬಡಿಸಿದ್ದನ್ನು ಬಾಯಿಗಿಡುವ ಮೊದಲೇ 'ಚೆನ್ನಾಗಿದೆ' ಎಂದುಬಿಡುವ ಅಭ್ಯಾಸ ನನಗಿದೆ. ಕಳೆದ ವಾರ ಮಗಳು ವನಜ ಹುಳಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ನಾನು ಎಂದಿನಂತೆ ಪ್ರಶಸ್ತಿ ಪ್ರದಾನ ಮಾಡಿ ಮುಗಿಸಿದ್ದೆ. "ಅಪ್ಪ, ಇನ್ನೂ ಅನ್ನ ಕಲಸೇ ಇಲ್ವಲ್ಲ, ಹೆಂಗೆ ಗೊತ್ತಾಯ್ತು?" ಎಂದಳು. ಅಳಿಯ ತಲೆ ತಗ್ಗಿಸಿಕೊಂಡು ನಕ್ಕ. ನಾನೂ ನಕ್ಕೆ. ಮುದುಕನಿಗೆ ನಾಲಗೆ ಸತ್ತುಹೋಗಿದೆ ಎಂದು ಅವರು ತಿಳಿದುಕೊಂಡಿದ್ದಾರೆ, ತಿಳಿದುಕೊಳ್ಳಲಿ. ವಿಷಯ ಹಾಗಿಲ್ಲ. ನನ್ನ ನಾಲಗೆ ಚುರುಕಾಗಿದ್ದ ಕಾಲವೊಂದಿತ್ತು. ಆ ಚುರುಕಿನಿಂದ ನಾನು ಮಾಡಿದ ಒಂದು ತಪ್ಪನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು, ಓದುಗರೇ. ಹೇಳಬೇಕಾದವಳಿಗೆ ತೀರ ತಡವಾಗಿ ಹೇಳಿದೆ, ಈಗ ಅವಳಿಲ್ಲ, ಆದ್ದರಿಂದ ನಿಮ್ಮ ಮುಂದೆ ಕುಳಿತಿದ್ದೇನೆ.

ನಾನು ಹತ್ತನೆಯ ತರಗತಿ ಪಾಸು ಮಾಡಿ, ಒಂದು ಸರ್ಕಾರಿ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿ ಸೇರಿದವನು. ಬೋಲ್ಟು, ನಟ್ಟು, ವಾಷರುಗಳನ್ನು ಕೇಳಿದವರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಅರುವತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಜೋಗುಪಾಳ್ಯದ ಒಂದು ವಠಾರದಲ್ಲಿ ಸಂಸಾರ ಹೂಡಿದೆ. ಹೆಂಡತಿ ಜಯಮ್ಮ ಕೃಷ್ಣರಾಜಪುರದವಳು. ಮಾತು ಕಡಿಮೆ, ಕೈ ಚುರುಕು. ಮದುವೆಯಾದ ಹೊಸತರಲ್ಲಿ, ಹೊಸ ಗಂಡಂದಿರೆಲ್ಲ ಮಾಡುವಂತೆ, ನಾನೂ ಅವಳನ್ನು ಪಾರ್ಕಿಗೆ ಕರೆದುಕೊಂಡು ಹೋದೆ.

ಹಲಸೂರು ಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಆಗ ಒಂದು ಆಟದ ಪಾರ್ಕು ಇತ್ತು. ಟಿಕೆಟು ಕೊಂಡು ಒಳಗೆ ಹೋದರೆ ಜಯಂಟ್ ವೀಲ್, ಮರದ ಕುದುರೆಗಳು ಸುತ್ತುವ ಚಕ್ರ, ಮಕ್ಕಳನ್ನು ಕೂರಿಸಿಕೊಂಡು ಕೂಗುತ್ತಾ ಸುತ್ತುವ ಪುಟ್ಟ ರೈಲು. ಆ ರೈಲಿನ ಹಳಿಗಳ ಪಕ್ಕದಲ್ಲಿ ನಿಜವಾದ ಹಳೆಯ ರೈಲುಬೋಗಿಯೊಂದನ್ನು ತಂದು ನಿಲ್ಲಿಸಿ ಹೋಟೆಲು ಮಾಡಿದ್ದರು. ಬಡಿಸುವವರ ತಲೆಯ ಮೇಲೆ ಗಾರ್ಡಿನ ಟೋಪಿ. ಅಡುಗೆ ಸಿದ್ಧವಾದರೆ ಸ್ಟೇಷನ್ನಿನ ಗಂಟೆ ಬಾರಿಸುತ್ತಿದ್ದರು. ಎಲ್ಲಿಗೂ ಹೋಗದ ಆ ಬೋಗಿಯಲ್ಲಿ ಕಿಟಕಿಯ ಪಕ್ಕದ ಸೀಟಿಗಾಗಿ ಜನ ಕಿತ್ತಾಡುತ್ತಿದ್ದರು; ನಾನೂ ಒಮ್ಮೆ ಕಿತ್ತಾಡಿದ್ದೇನೆ.

ಅಲ್ಲಿ ಭಾನುವಾರ ಪಾಟ್ ರೋಸ್ಟ್ ಸಿಗುತ್ತಿತ್ತು. ಕುರಿಯ ತೊಡೆಯ ಮಾಂಸವನ್ನು ಕತ್ತರಿಸದೆ ಇಡಿಯಾಗಿ, ಈರುಳ್ಳಿ, ಗಜ್ಜರಿ, ಕಾಳುಮೆಣಸು, ಒಂದಿಷ್ಟು ವಿನೆಗರ್ ಹಾಕಿ, ಮುಚ್ಚಿದ ಪಾತ್ರೆಯಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ್ದು. ತಟ್ಟೆಗೆ ಬರುವಾಗ ತೆಳ್ಳನೆಯ ಹೋಳುಗಳಾಗಿರುತ್ತಿತ್ತು, ಮೇಲೆ ಕಂದು ಬಣ್ಣದ ರಸ, ಪಕ್ಕದಲ್ಲಿ ಎರಡು ತುಂಡು ಬ್ರೆಡ್ಡು. ಮುದ್ದೆ, ಸಾರು, ಕೈಮ, ಬಿರಿಯಾನಿ ಬಲ್ಲ ನನ್ನ ಬಾಯಿಗೆ ಇದೊಂದು ಹೊಸ ಭಾಷೆ. ಖಾರ ಎದ್ದು ನಿಲ್ಲುವುದಿಲ್ಲ, ಮಸಾಲೆ ಮಾತಾಡುವುದಿಲ್ಲ. ಮಾಂಸವೇ ನಿಧಾನವಾಗಿ ಕರಗಿ, ನುಂಗಿದ ಮೇಲೂ ಸ್ವಲ್ಪ ಹೊತ್ತು ಉಳಿದುಕೊಂಡಿರುತ್ತಿತ್ತು. ಜಯಮ್ಮ ಎರಡು ತುತ್ತು ತಿಂದಳು. ಆಮೇಲೆ ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಇದನ್ನ ಮನೇಲಿ ಮಾಡಕ್ಕಾಗಲ್ವೇನ್ರೀ?" ಎಂದಳು, ಹೊರಗೆ ಬಂದ ಮೇಲೆ.

"ನಿನ್ ಕೈಲಾಗತ್ತಾ?" ಎಂದೆ. ಹಾಸ್ಯಕ್ಕೆ ಹೇಳಿದ್ದು. ಅವಳು ಹಾಸ್ಯವಾಗಿ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ತಿಂಗಳಿಗೊಂದು ಭಾನುವಾರ ವಠಾರದ ನಮ್ಮ ಮನೆಯಲ್ಲಿ ಪ್ರಯೋಗಶಾಲೆ ತೆರೆಯಿತು. ಶಿವಾಜಿನಗರದ ಮಾರ್ಕೆಟ್ಟಿನಿಂದ ತಳ ದಪ್ಪಗಿರುವ ಪಾತ್ರೆಯೊಂದನ್ನು ಜಯಮ್ಮ ಆರಿಸಿ ತಂದಳು. ಇದ್ದಿಲೊಲೆಯ ಮೇಲೆ ಪಾತ್ರೆ, ಪಾತ್ರೆಯ ಮುಚ್ಚಳದ ಮೇಲೆ ಮತ್ತೆ ಕೆಂಡ. ಬೆಳಿಗ್ಗೆ ಏಳಕ್ಕೆ ಇಟ್ಟರೆ ಮಧ್ಯಾಹ್ನ ಒಂದಕ್ಕೆ ಇಳಿಸುವಳು. ಸೆರಗಿನಲ್ಲಿ ಹಣೆ ಒರೆಸಿಕೊಳ್ಳುತ್ತಾ, ಹೊಗೆಯಾಡುವುದನ್ನು ಹಾಗೆಯೇ ತಂದು ಬಡಿಸಿ, ಎದುರಿಗೆ ಕೂರುವಳು. ನಾನು ಅಗಿಯುವೆ. ಕಣ್ಣು ಮುಚ್ಚುವೆ. ಪರೀಕ್ಷಕನ ಗಾಂಭೀರ್ಯದಿಂದ "ಪರವಾಗಿಲ್ಲ. ಏನೋ ಕಮ್ಮಿ" ಎನ್ನುವೆ. ಅದು ನಿಜವೂ ಆಗಿತ್ತು. ಹೋಳು ಮಾಡಲು ಹೋದರೆ ಎಳೆ ಎಳೆಯಾಗಿ ಪುಡಿಯಾಗುತ್ತಿತ್ತು. ರಸ ಬೇರೆ, ಮಾಂಸ ಬೇರೆ ನಿಲ್ಲುತ್ತಿತ್ತು. "ವಿನೆಗರ್ ಜಾಸ್ತಿ ಆಯ್ತಾ? ಲವಂಗ ಹಾಕ್ಬಾರ್ದಿತ್ತಾ?" ಎಂದು ಅವಳು ಕೇಳುತ್ತಿದ್ದಳು. ಇಲ್ಲಿಯವರೆಗೆ ನನ್ನದು ತಪ್ಪೇನಿಲ್ಲ, ಗರ್ವ ಮಾತ್ರ.

ತಪ್ಪು ಬಂದದ್ದು ಮುಂದೆ. ಅಷ್ಟರಲ್ಲಿ ಕಾರ್ಖಾನೆಯ ಗೆಳೆಯ, ಕಮ್ಮನಹಳ್ಳಿಯ ನಂಜುಂಡನ ಜೊತೆ ತಿಂಗಳಿಗೊಂದು ಭಾನುವಾರ ನಾನೇ ಆ ಬೋಗಿಗೆ ಹೋಗುವುದು ರೂಢಿಯಾಗಿತ್ತು. ಮಗು ಹುಟ್ಟಿದ ಮೇಲೆ ಜಯಮ್ಮ ಬರುವುದು ನಿಂತಿತ್ತು. ನಾನು ಕರೆಯುವುದು ಅದಕ್ಕೂ ಮೊದಲೇ ನಿಂತಿತ್ತು. ವಾರದ ಆರು ದಿನ ಉಗ್ರಾಣದ ಜಾಲರಿಯ ಹಿಂದೆ ನಿಂತು ಎಲ್ಲರಿಂದ ಗದರಿಸಿಕೊಳ್ಳುವ ನನಗೆ ಅಲ್ಲಿ ಗಾರ್ಡಿನ ಟೋಪಿಯವನು 'ಸಾರ್' ಎನ್ನುತ್ತಿದ್ದ. ನಂಜುಂಡ ನನ್ನನ್ನು ಕೆಣಕುತ್ತಿದ್ದ: "ಏನ್ ಗುರು, ಹೋದ ವಾರ ನಿಮ್ಮನೇಲಿ ಏನನ್ನ ಬೇಯಿಸಿದ್ರು, ಕುರೀನಾ ಕುರ್ಚೀನಾ?" ಜಯಮ್ಮನ ಆರು ಗಂಟೆಯ ಕೆಂಡವನ್ನು ಆಡಿಕೊಂಡು ನಾವಿಬ್ಬರೂ ನಕ್ಕಿದ್ದೇವೆ.

ಒಂದು ಭಾನುವಾರ ಅಡುಗೆಯವನನ್ನೇ ಹೊರಗೆ ಕರೆಸಿ ಹೊಗಳಿದೆ. ಆರೋಗ್ಯಸಾಮಿ ಎಂದು ಅವನ ಹೆಸರು, ಶಿವಾಜಿನಗರದ ಕಡೆಯ ವಯಸ್ಸಾದ ತಮಿಳರವನು, ದೊರೆಗಳ ಬಂಗಲೆಗಳಲ್ಲಿ ಬಟ್ಲರನಾಗಿದ್ದವನು. ಮನೆಯಲ್ಲಿ ಯಾಕೆ ಹೀಗೆ ಬರುವುದಿಲ್ಲ ಎಂದು ಕೇಳಿದೆ.

"ಮನೇಲಿ ಯಾವಾಗ ಮಾಡ್ತಾರೆ ಸಾರ್?"

"ಬೆಳಿಗ್ಗೆ ಇಟ್ಟು ಮಧ್ಯಾಹ್ನ ಬಡಿಸ್ತಾಳೆ."

ಅವನು ನಕ್ಕ. "ಅದೇ ಮಿಸ್ಟೇಕ್. ನೀವು ತಿಂದಿದ್ದು ಇವತ್ತಿಂದಲ್ಲ ಸಾರ್, ನೆನ್ನೇದು. ಶನಿವಾರ ಮಾಡಿ, ಮುಚ್ಚಳ ತೆಗೀದೆ ಇಡೋದು. ರಾತ್ರಿ ಎಲ್ಲಾ ಅದರ ಜ್ಯೂಸ್‌ನ ಅದೇ ಕುಡೀತದೆ. ಇವತ್ತು ತಣ್ಣಗಿರುವಾಗ ಕಟ್ ಮಾಡಿ, ಆಮೇಲೆ ಬಿಸಿ ಮಾಡೋದು. ಅಷ್ಟೇ."

ಅಷ್ಟೇ. ಆದರೆ ಆ 'ಅಷ್ಟೇ' ನಮ್ಮಂಥ ಮನೆಗಳಿಗೆ ಎಷ್ಟು ದೊಡ್ಡದು ಎಂದು ಓದುಗರಿಗೆ ಹೇಳಬೇಕಿಲ್ಲ. ನಮ್ಮ ಮನೆದೇವರು ವೆಂಕಟರಮಣ. ಶನಿವಾರ ಮಾಂಸದ ಹೆಸರನ್ನೂ ಎತ್ತುವಂತಿಲ್ಲ. ಸೋಮವಾರ ಶಿವನದು. ಗುರುವಾರ, ಶುಕ್ರವಾರಗಳಿಗೂ ಒಡೆಯರಿದ್ದರು. ಅದಕ್ಕಿಂತ ಹೆಚ್ಚಾಗಿ, ಮಾಂಸ ಬೆಂದ ಪಾತ್ರೆ ನಮ್ಮ ಅಡುಗೆಮನೆಯಲ್ಲಿ ರಾತ್ರಿ ಕಳೆಯುವಂತಿರಲಿಲ್ಲ: ಉಳಿದದ್ದನ್ನು ಸಂಜೆಯೊಳಗೆ ಯಾರಿಗಾದರೂ ಕೊಟ್ಟು, ಪಾತ್ರೆ ತೊಳೆದು, ಒಲೆ ಸಾರಿಸಿದರೆ ಮಾತ್ರ ಬೆಳಿಗ್ಗೆ ಅಲ್ಲಿ ಹಾಲು ಕಾಯುವುದು. ಗಂಡನ ತಟ್ಟೆಗೆ ತಂಗಳು ಹಾಕುವುದಂತೂ ಜಯಮ್ಮನ ಪಾಲಿಗೆ ಬೈಗುಳಕ್ಕೆ ಸಮ. ನನ್ನ ಮೇಲಿನ ಗೌರವದಿಂದ ಅವಳು ಬಿಸಿಬಿಸಿಯಾಗಿ ಬಡಿಸುತ್ತಿದ್ದಳು. ಕೆಡಿಸುತ್ತಿದ್ದದ್ದು ಆ ಬಿಸಿಯೇ.

ಮನೆಗೆ ಹೋಗಿ ನಾನು ಇದನ್ನು ಹೇಳಲಿಲ್ಲ. ಹೇಳಿದರೆ ಪಾಪ, ಅವಳ ನೇಮಕ್ಕೆ ಭಂಗ ಬರುತ್ತದೆ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಆ ಕಾರಣ ಸುಳ್ಳು. ಅವಳಿಗೆ ಅದು ಸಿದ್ಧಿಸಿಬಿಟ್ಟರೆ ನನ್ನ ಭಾನುವಾರಗಳಿಗೆ ನೆಪ ಉಳಿಯುವುದಿಲ್ಲ; 'ಏನೋ ಕಮ್ಮಿ' ಎನ್ನಲು ನನಗೆ ಜಗತ್ತಿನಲ್ಲಿ ಬೇರೆ ಯಾವ ಕುರ್ಚಿಯೂ ಇಲ್ಲ. ಹೀಗೆ ಮೂರು ವರ್ಷ, ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಪರೀಕ್ಷೆ ನಡೆಸಿದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಭಾನುವಾರ ಪಾತ್ರೆ ಇಳಿಸುವ ಹೊತ್ತಿಗೆ, ಜಯಮ್ಮನ ಅಣ್ಣ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡನೆಂದು ಕೃಷ್ಣರಾಜಪುರದಿಂದ ಸುದ್ದಿ ಬಂತು. ಇಬ್ಬರೂ ಮಗುವನ್ನು ಎತ್ತಿಕೊಂಡು ಹೊರಟೆವು. ಹೋಗುವಾಗ ಅವಳು ಪಾತ್ರೆಯನ್ನು ಮುಚ್ಚಳ ಕೂಡ ತೆಗೆಯದೆ ಪಕ್ಕದ ಮನೆಯ ಫಿಲೋಮಿನಮ್ಮನಿಗೆ ಕೊಟ್ಟಳು. ಫಿಲೋಮಿನಮ್ಮ ಶಾಲೆಯೊಂದರಲ್ಲಿ ಆಯಾ, ಒಂಟಿ ಜೀವ. ನಾವು ಸೋಮವಾರ ಸಂಜೆ ಹಿಂತಿರುಗಿದಾಗ ತೊಳೆದ ಪಾತ್ರೆ ಹಿಡಿದುಕೊಂಡು ಬಂದರು.

"ಜಯಮ್ಮಾ, ಎಲ್ಲಿ ಕಲ್ತೆ ಇದನ್ನ? ಆ ರೈಲ್ ಹೋಟೆಲ್‌ದು ಹೆಂಗಿರ್ತದೆ, ಹಂಗೇ ಇದೆ. ನಮ್ಮ ಟೀಚರ್‌ದು ಪಾರ್ಟಿ ಮಾಡಿದ್ರಲ್ಲ, ಅಲ್ಲಿ ತಿಂದಿದೀನಿ ನಾನು."

"ಯಾವಾಗ ತಿಂದ್ರಿ, ನೆನ್ನೇನಾ?"

"ನೆನ್ನೆ ಮದ್ವೆ ಊಟ ಇತ್ತು. ಇವತ್ತು ಮಧ್ಯಾಹ್ನ ತೆಗ್ದೆ."

ಅವರು ಹೋದ ಮೇಲೆ ಜಯಮ್ಮ ಪಾತ್ರೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು.

"ರೀ, ಅಲ್ಲಿ ಹಿಂದಿನ ದಿನಾನೇ ಮಾಡಿಡ್ತಾರಾ?"

ಅವಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, ಈಗಲೂ ನನಗೆ ಅದನ್ನು ನೆನಪಿನಲ್ಲಿ ನೇರವಾಗಿ ನೋಡಲಾಗುವುದಿಲ್ಲ. ಹೌದು ಎಂಬ ಎರಡಕ್ಷರ ಸಾಕಾಗಿತ್ತು. ನಾನು ಪತ್ರಿಕೆಯಿಂದ ತಲೆಯೆತ್ತದೆ, "ಅಷ್ಟು ದೊಡ್ಡ ಹೋಟೆಲ್ಲಲ್ಲಿ ತಂಗಳು ಹಾಕ್ತಾರೇನೇ? ಬಿಟ್ಟಿ ಸಿಕ್ಕಿದ್ದಕ್ಕೆ ಆಕೆ ಹೊಗಳಿದ್ದಾರೆ" ಎಂದೆ.

"ಹಂಗಾ" ಎಂದಳು.

ಮುಂದಿನ ವಾರ ಅವಳು ಏನು ಮಾಡಿದಳೆಂಬುದನ್ನು ಆಮೇಲೆ ಫಿಲೋಮಿನಮ್ಮನ ಬಾಯಿಂದ ಕೇಳಿ ತಿಳಿದೆ. ದೇವರುಗಳ ನಡುವೆ ಮಂಗಳವಾರ, ಬುಧವಾರ ಎರಡು ಪಕ್ಕಪಕ್ಕದಲ್ಲೇ ಖಾಲಿ ಇದ್ದವು. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಭಾನುವಾರವೆಂದರೆ ರಜೆ, ರಜೆಯೆಂದರೆ ಮಾಂಸ. ಮಂಗಳವಾರ ನಾನು ಕೆಲಸಕ್ಕೆ ಹೋದ ಮೇಲೆ ಅವಳು ಒಲೆ ಹೊತ್ತಿಸಿದಳು. ಸಂಜೆಗೆ ಮೊದಲು, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಪಾತ್ರೆಯನ್ನು ಫಿಲೋಮಿನಮ್ಮನ ಅಡುಗೆಮನೆಗೆ ಮಲಗಲು ಕಳಿಸಿದಳು. ತನ್ನ ಒಲೆ ಸಾರಿಸಿಕೊಂಡಳು. ನೇಮವೂ ಉಳಿಯಿತು, ತಂಗಳೂ ಆಯಿತು. ಆ ರಾತ್ರಿ ನನಗೆ ಅವರೆಕಾಳಿನ ಸಾರು ಬಡಿಸಿ, ಏನೂ ಮಾಡದವಳಂತೆ ಇದ್ದಳು.

ಬುಧವಾರ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಕುಳಿತೆ. ತಟ್ಟೆಯಲ್ಲಿ ತೆಳ್ಳನೆಯ ಹೋಳುಗಳು. ಮೇಲೆ ಕಂದು ರಸ. ಎರಡು ತುಂಡು ಬ್ರೆಡ್ಡು. ಐದು ವರ್ಷದ ವನಜ ಆಗಲೇ ತಿನ್ನುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಒಂದು ಹೋಳು ಬಾಯಿಗಿಟ್ಟೆ. ಆರೋಗ್ಯಸಾಮಿಯದಕ್ಕಿಂತ ಚೆನ್ನಾಗಿತ್ತು. ಈ ಮಾತನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಹೋಟೆಲಿನದರಲ್ಲಿ ಇಲ್ಲದ್ದೇನೋ ಇತ್ತು. ಬೆಲ್ಲವೋ, ಹುರಿದ ಧನಿಯವೋ, ಕಡೆಗೆ ನನಗೆ ತಿಳಿಯಲೇ ಇಲ್ಲ. ಜಯಮ್ಮ ಎದುರಿಗೆ ಕುಳಿತಿದ್ದಳು. ಕೇಳಲಿಲ್ಲ, ಕಾಯುತ್ತಿದ್ದಳು.

"ಪರವಾಗಿಲ್ಲ" ಎಂದೆ. "ಏನೋ ಕಮ್ಮಿ."

ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ಆಮೇಲೆ ನಮ್ಮ ಮನೆಯಲ್ಲಿ ಆ ಅಡುಗೆ ಆಗಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಭಾನುವಾರಕ್ಕೆ ಕೈಮ, ಸಾರು, ಎಲ್ಲ ಬಿಸಿಬಿಸಿಯಾಗಿ ಬಂತು. ಹೇಗಿದೆ ಎಂದು ಮಾತ್ರ ಅವಳು ಮತ್ತೆಂದೂ ನನ್ನ ಮುಖ ನೋಡಲಿಲ್ಲ.

ನಾಲ್ಕೈದು ವರ್ಷಗಳಲ್ಲಿ ಪಾರ್ಕು ಮುಚ್ಚಿತು. ಜಯಂಟ್ ವೀಲನ್ನು ಬಿಚ್ಚಿ ಲಾರಿಗೆ ತುಂಬುವುದನ್ನು ನಾನೂ ನಂಜುಂಡನೂ ಬೇಲಿಯಾಚೆ ನಿಂತು ನೋಡಿದೆವು. ಆರೋಗ್ಯಸಾಮಿ ಎಲ್ಲಿಗೆ ಹೋದನೋ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾಲಗೆ ಬೇಡಲಾರಂಭಿಸಿತು. ಅದಕ್ಕೆ ಮಾನ ಮರ್ಯಾದೆ ಇಲ್ಲ. ಒಂದು ಮಂಗಳವಾರ ಬೆಳಿಗ್ಗೆ, ಚಪ್ಪಲಿ ಮೆಟ್ಟುತ್ತಾ ಹೇಳಿದೆ: "ಜಯಾ, ಆ ರೋಸ್ಟು ಮಾಡ್ತಿದ್ಯಲ್ಲ. ಮಾಡ್ತೀಯಾ?"

"ಅದ್ರಲ್ಲಿ ಏನೋ ಕಮ್ಮಿ ಇತ್ತಲ್ಲ."

ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತೆ. ಅವತ್ತು ಕೆಲಸಕ್ಕೆ ತಡವಾಯಿತು. ಬಟ್ಲರ್ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಬುಧವಾರದ ಸುಳ್ಳು, ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಬಿಡಿ" ಎಂದಳು. "ತಟ್ಟೇಲಿ ಒಂದು ತೊಟ್ಟು ರಸ ಬಿಟ್ಟಿರ್ಲಿಲ್ಲ. ಬ್ರೆಡ್ಡಲ್ಲಿ ಒರ್ಸಿ ಒರ್ಸಿ ತಿಂದ್ರಿ."

"ಗೊತ್ತಿದ್ದೂ ಯಾಕೆ ಬಿಟ್ಟೆ?"

"ನೀವು ಹೇಳ್ಲಿಲ್ವಲ್ಲ."

ಅಂದೇ ಮಾಡಲು ಹೋದಳು, ಪಾಪ. ನಾನು ಕೇಳಿದ್ದೆನಲ್ಲ. ಆದರೆ ಕೈ ಮರೆತಿತ್ತು. ಏನು ಹಾಕಿದ್ದೆನೋ ಎಂದು ಒಲೆಯ ಮುಂದೆ ನಿಂತು ಯೋಚಿಸುತ್ತಿದ್ದವಳು, ಕಡೆಗೆ ಅದೇ ಮಾಂಸಕ್ಕೆ ಖಾರ ಅರೆದು ಹಾಕಿ ಸಾರು ಮಾಡಿದಳು. ನಾನು ಚೆನ್ನಾಗಿದೆ ಎಂದೆ. ಆ ಮಾತು ಅವಳನ್ನು ಮುಟ್ಟಿದಂತೆ ಕಾಣಲಿಲ್ಲ. ಅದು ಸಲ್ಲಬೇಕಾದ ಅಡುಗೆಯೇ ಬೇರೆಯಾಗಿತ್ತು. ಅಂದಿನಿಂದ ಅವಳು ಏನು ಬಡಿಸಿದರೂ ನಾನು ಆ ಮಾತನ್ನು ಹೇಳುತ್ತಲೇ ಬಂದೆ, ಕಾಲು ಶತಮಾನ, ಅವಳು ಇರುವವರೆಗೂ. ಹಳೆಯದಕ್ಕೆ ಜಮೆಯಾಗುತ್ತದೇನೋ ಎಂಬ ಆಸೆ.

ಈಗ ವಾರಕ್ಕೊಮ್ಮೆ ನಾನೇ ಮಾಡುತ್ತೇನೆ. ಮಂಗಳವಾರ ಬೇಯಿಸಿ, ಮುಚ್ಚಿಟ್ಟು, ಬುಧವಾರ ತಣ್ಣಗಿರುವಾಗಲೇ ಹೋಳು ಮಾಡಿ ಬಿಸಿಗಿಡುತ್ತೇನೆ. ಹೋಟೆಲಿನ ರುಚಿ ಬಹಳ ಹಿಂದೆಯೇ ಸಿಕ್ಕಿತು. ಅದು ಸುಲಭ. ಬೆಲ್ಲ ಹಾಕಿದ್ದಾಯಿತು, ಧನಿಯ ಹುರಿದದ್ದಾಯಿತು, ಒಮ್ಮೆ ಹುಣಸೆಯನ್ನೂ ಹಿಂಡಿದೆ. ಒಂದೇ ಒಂದು ಸಲ ತಿಂದದ್ದನ್ನು ಹುಡುಕಿಕೊಂಡು ಹೋಗುವುದು ಎಂದರೆ, ಹೆಸರು ಕೇಳದೆ ಬಿಟ್ಟು ಬಂದವರ ಮನೆಯನ್ನು ಹುಡುಕಿದ ಹಾಗೆ.

ನಿನ್ನೆ ಬುಧವಾರ. ವನಜಳಿಗೆ ಬಡಿಸಿ, ಎದುರಿಗೆ ಕುಳಿತೆ. ಜಯಮ್ಮನ ಆ ಬುಧವಾರದ ಸಂಜೆ ಅದನ್ನು ತಿಂದ ಮೂವರಲ್ಲಿ, ನನ್ನನ್ನು ಬಿಟ್ಟರೆ ಉಳಿದವಳು ಅವಳೊಬ್ಬಳೇ. ಅವಳು ನಿಧಾನವಾಗಿ ಅಗಿದಳು.

"ಅಮ್ಮಂದು ಹಂಗಿದ್ಯಾ?" ಎಂದು ಕೇಳಿದೆ.

ಇನ್ನೊಂದು ಹೋಳು ತಿಂದಳು. ನನ್ನ ಹಾಗೆ ಕಣ್ಣು ಮುಚ್ಚಲಿಲ್ಲ.

"ಇಲ್ಲಪ್ಪ. ಅಮ್ಮಂದು ಇನ್ನೂ ಚೆನ್ನಾಗಿತ್ತು."

ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ನಾನು ಎದ್ದು ಒಳಗೆ ಹೋಗಿ, ಅವಳ ತಟ್ಟೆಗೆ ಇನ್ನೆರಡು ತುಂಡು ಬ್ರೆಡ್ಡು ತಂದು ಹಾಕಿದೆ.