ಟಿಶ್ಯೂ ಇಟ್ಟ ಕುರ್ಚಿ

ಹಳೇ ವಸಾಹತು ದ್ವೀಪವೊಂದು ಮುಂದೆ ಯಾರದಾಗಬೇಕು ಅಂತ ಎರಡು ಸರ್ಕಾರಗಳು ಸಿಂಗಪುರದ ಹೋಟೆಲಲ್ಲಿ ಮಾತುಕತೆಗೆ ಸೇರಿದ್ದವು. ಮೈಕ್ ನೋಡಿಕೊಳ್ಳೋ ಕೆಲಸ ನನ್ನದು. ಬ್ಯಾಟರಿ ತರೋಕೆ ಎದ್ದಾಗ, ದಿನಾ ಊಟ ಮಾಡೋ ಹಾಕರ್ ಸೆಂಟರಿನ ಅಭ್ಯಾಸದಲ್ಲಿ, ಮೇಜಿನ ಕೊನೆಯ ಕುರ್ಚಿ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಹೋದೆ. ಪ್ಯಾಕೆಟ್ ಇಟ್ಟ ಸೀಟನ್ನು ಈ ಊರಲ್ಲಿ ಯಾರೂ ಮುಟ್ಟಲ್ಲ. ವಾಪಸ್ ಬಂದರೆ ಎಲ್ಲರೂ ಕೂತಾಗಿದೆ; ಹೋಟೆಲಿನ ಸ್ಥಳೀಯ ಸಿಬ್ಬಂದಿ ಆ ಕುರ್ಚಿಲಿ ಮಾತ್ರ ಯಾರನ್ನೂ ಕೂರಿಸಿಲ್ಲ.

“ಯಾರದಿದು?” ಸೂಟು ಹಾಕಿದ ಮಹಾಶಯನೊಬ್ಬ ಗದರಿದ. ಇಲ್ಲಿ ದುಡಿಯೋಕೆ ಕೊಟ್ಟ ನನ್ನ ವರ್ಕ್ ಪಾಸ್ ಹೋಯ್ತು ಅಂದ್ಕೊಂಡೆ.

ಬರೀ ನೋಡೋಕೆ ಅಂತ ಗೋಡೆ ಪಕ್ಕ ನಿಲ್ಲಿಸಿದ್ದ, ಆ ದ್ವೀಪದಲ್ಲೇ ಹುಟ್ಟಿದ ಅಜ್ಜಿಯೊಬ್ಬರು “ನನ್ನದು” ಅಂತ ಬಂದು ಕೂತುಬಿಟ್ಟರು. ಎಬ್ಬಿಸೋ ಧೈರ್ಯ ಯಾರಿಗೂ ಬರಲಿಲ್ಲ.

ಸಂಜೆವರೆಗೂ ಅಜ್ಜಿ ಮುಂದಿನ ಮೈಕಿನ ಸ್ವಿಚ್ ಮೇಲೆ ಬೆರಳಿಟ್ಟೇ ಕೂತಿದ್ದೆ. ಆನ್ ಮಾಡು ಅಂತ ಯಾರೂ ಹೇಳಲಿಲ್ಲ.