ಗೋಡೆಯ ದಪ್ಪ

ಚೌಡಪ್ಪ, ಆ ಸುಣ್ಣವನ್ನು ನೀನು ಕದಿಯಲಿಲ್ಲ. ಅದು ನನಗೆ ಗೊತ್ತಿತ್ತು — ಗೋಡೆ ಬಿದ್ದ ದಿನವೇ ಗೊತ್ತಿತ್ತು.

ಯಲ್ದೂರಿನ ಶಾಲೆಗೆ ಹೊಸ ಕೋಣೆ ಕಟ್ಟಿಸಲು ಹೊರಟಾಗ ಎರಡನೇ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಕಲ್ಲು ಊರಿನದೇ, ಸುಣ್ಣ ಮಾತ್ರ ಹೊರಗಿನಿಂದ ಬರಬೇಕು. ಎಷ್ಟು ಬೇಕೆಂದು ಲೆಕ್ಕ ಹಾಕುವ ಕೆಲಸ ಮೇಷ್ಟ್ರಾದ ನನ್ನ ಪಾಲಿಗೆ ಬಂತು. ಉದ್ದ, ಎತ್ತರ, ದಪ್ಪ — ಗುಣಿಸಿದರೆ ಘನ ಅಡಿ. ಮಕ್ಕಳಿಗೆ ದಿನವೂ ಹೇಳಿಕೊಡುತ್ತಿದ್ದ ಪಾಠ. ನಾಲ್ಕು ಗಾಡಿ ಸಾಕೆಂದೆ.

ಗೋಡೆ ಎದೆಮಟ್ಟಕ್ಕೆ ಬಂದಾಗ, ಅದನ್ನು ಕಟ್ಟುತ್ತಿದ್ದ ನೀನು ಕರಣೆ ಕೆಳಗಿಟ್ಟೆ. "ಮೇಷ್ಟ್ರೇ, ಇನ್ನೆರಡು ಗಾಡಿ ಬೇಕಾಗ್ತೈತೆ. ನೋಡಿದ್ರೇ ಗೊತ್ತಾಗ್ತೈತೆ ನಂಗೆ."

"ಲೆಕ್ಕ ನನಗೇ ಹೇಳಿಕೊಡ್ತೀಯೇನೋ? ಇರೋದ್ರಲ್ಲೇ ಮುಗಿಸು" ಎಂದೆ. ನೀನು ಮಣ್ಣು ಬೆರೆಸಿ ಗೋಡೆ ಏರಿಸಿದೆ.

ಮೊದಲ ಮಳೆಗೇ ಅದು ಕುಸಿಯಿತು. ಕೆಳಗೆ, ಗಾರೆ ಹೊರಲು ಬಂದಿದ್ದ ನಿನ್ನ ಹೆಂಡತಿ ನಾಗಮ್ಮ. ಕಲ್ಲು ಸರಿಸಿದಾಗ ಅವಳ ಬಲಗೈ — ಅದನ್ನು ಕೈ ಎನ್ನುವಂತಿರಲಿಲ್ಲ. ಮನೆಗೆ ಬಂದು ಲೆಕ್ಕದ ಹಾಳೆ ತೆಗೆದೆ. ದಪ್ಪ ಒಂದು ಅಡಿ ಎಂದು ಬರೆದಿದ್ದೆ. ಗೋಡೆ ಒಂದೂವರೆ ಅಡಿ! ನೀನು ಕೇಳಿದ ಎರಡು ಗಾಡಿ — ಸರಿಯಾಗಿ ಅಷ್ಟೇ ಕಡಿಮೆ. ಹಾಳೆಯನ್ನು ಒಲೆಗೆ ಹಾಕಿದೆ.

ಮರುದಿನ ಊರವರು ಸೇರಿದರು. ನೀನು ಸುಣ್ಣ ಕದ್ದು ಮಾರಿಕೊಂಡೆಯೆಂದು ಬೈದರು. ಪಟೇಲರು ನನ್ನತ್ತ ತಿರುಗಿದಾಗ, "ನನ್ನ ಲೆಕ್ಕ ಸರಿಯಾಗಿಯೇ ಇದೆ" ಎಂದೆ. ನೀನು ನನ್ನ ಮೇಲೆ ಬೀಳುತ್ತೀಯೆಂದುಕೊಂಡಿದ್ದೆ. ನೀನು ಕೈ ಮುಗಿದೆ.

"ನಾನು ಕದ್ದಿಲ್ಲ ಸ್ವಾಮಿ. ಆದ್ರೆ ಮೇಷ್ಟ್ರು ಸುಳ್ಳು ಹೇಳಲ್ಲ. ನಾನೇ ಎಲ್ಲೋ ಕೆಡಿಸಿರ್ಬೇಕು."

ಆಗಲೂ ನನ್ನ ತಪ್ಪನ್ನು ಒಪ್ಪಿಕೊಳ್ಳಲಿಲ್ಲ.

ನೀವಿಬ್ಬರೂ ಲಕ್ಕೂರಿಗೆ ಹೊರಟುಹೋದಿರಿ. ಅಂದಿನಿಂದ ನೀನು ಗೋಡೆ ಕಟ್ಟಲೇ ಇಲ್ಲವೆಂದು ಮೊನ್ನೆ ಮಾಲೂರು ಸಂತೆಯಲ್ಲಿ ನಿಮ್ಮೂರಿನವರೊಬ್ಬರು ಹೇಳಿದರು. "ಕರೆದ್ರೂ ಬರಲ್ಲ. ನನ್ ಕೈ ನಂಬಬೇಡಿ ಅಂತಾನೆ." ಇಷ್ಟು ವರ್ಷ ನಾಗಮ್ಮನ ಕೈಯೊಂದೇ ಹೋಯಿತೆಂದುಕೊಂಡಿದ್ದೆ. ನಿನ್ನ ಎರಡು ಕೈಗಳೂ —

ವರ್ಗವಾಗಿ ಬಿಟ್ಟುಬಂದ ಯಲ್ದೂರಿಗೆ ನಾಳೆ ಹೋಗುತ್ತೇನೆ. ಅದೇ ಜನರನ್ನು ಕೂಡಿಸಿ ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ನಿನ್ನ ಮನೆಗೆ. ನೀನು ಕದ ತೆರೆಯದಿದ್ದರೆ ಬೀದಿಯಲ್ಲೇ ನಿಂತು, ಒಳಗಿರುವ ನಾಗಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ: ಲೆಕ್ಕ ತಪ್ಪಿದ್ದು ನನ್ನದು.